ಹೊಸ ಕಂಟ್ರೋಲರ್, ಹಳೇ ಗೇಮ್: ದೋಷ ಎಲ್ಲಿದೆ ಅಂತ ಪತ್ತೆ ಮಾಡುವುದು

ಇವತ್ತಿನ ಗೇಮುಗಳಲ್ಲಿ ಒಂದು ಮಾತಿಲ್ಲದೆ ಕೆಲಸ ಮಾಡುವ ಕಂಟ್ರೋಲರ್, 1999ರ ಕಾರ್ ರೇಸ್ ಗೇಮ್ ತೆರೆದ ಕೂಡಲೇ ಮೊಂಡು ಹಿಡಿಯುತ್ತದೆ. ಕಾರು ಅಲುಗುವುದೇ ಇಲ್ಲ. ಅಲುಗಿದರೆ ಎಡಕ್ಕೇ ಎಳೆಯುತ್ತದೆ. ಇಲ್ಲವೇ ಬ್ರೇಕ್ ಒತ್ತಿದರೆ ಮೆನು ತೆರೆದುಕೊಳ್ಳುತ್ತದೆ. ಗೆಳೆಯರಿಂದ ಹೀಗೆ ಫೋನ್ ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ, "ಕಂಟ್ರೋಲರ್ ಹೋಯ್ತಾ? ಬೇರೆ ತಗೊಳ್ಳಲಾ?" ಸ್ವಲ್ಪ ತಡೀರಿ, ದುಡ್ಡು ಜೇಬಿನಲ್ಲೇ ಇರಲಿ.

ಬಹುಪಾಲು ಸಲ ಕಂಟ್ರೋಲರ್ ಕೆಟ್ಟಿರುವುದಿಲ್ಲ, ಗೇಮೂ ಕೆಟ್ಟಿರುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರುವುದಿಲ್ಲ, ಅಷ್ಟೇ. ನಡುವೆ ಒಬ್ಬ ದುಭಾಷಿ ಬೇಕು. ಒಬ್ಬನೇ ಬೇಕು ಅನ್ನುವುದನ್ನು ಈಗಲೇ ಒತ್ತಿ ಹೇಳಿಬಿಡುತ್ತೇನೆ. ದುಭಾಷಿ ಇಲ್ಲದೆ ಕೆಟ್ಟ ಕಂಪ್ಯೂಟರುಗಳಿಗಿಂತ, ಮೂರ್ನಾಲ್ಕು ದುಭಾಷಿಗಳು ಒಟ್ಟಿಗೆ ಬಾಯಿ ಹಾಕಿ ಕೆಟ್ಟ ಕಂಪ್ಯೂಟರುಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಯಾವುದೋ ವಿಡಿಯೋ ನೋಡಿ ಒಂದು ಸಾಫ್ಟ್‌ವೇರ್, ಅದು ಆಗಲಿಲ್ಲ ಅಂತ ಇನ್ನೊಂದು, ಹಳೆಯದನ್ನು ತೆಗೆಯದೆ ಮತ್ತೊಂದು. ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ತೊಂದರೆ ಯಾವ ಮೆಟ್ಟಿಲಲ್ಲಿದೆ ಅಂತ ನೋಡೋಣ.

ಮೊದಲು ವಿಂಡೋಸ್‌ಗೆ ಕಾಣಿಸುತ್ತಿದೆಯಾ?

ಗೇಮ್ ಮುಚ್ಚಿ. ಗೇಮು ಕೊಂಡು ಆಡುವ ಸ್ಟೀಮ್ ಅನ್ನುವ ಆ್ಯಪ್ ತೆರೆದಿದ್ದರೆ ಅದನ್ನೂ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಗಡಿಯಾರದ ಪಕ್ಕದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸಿಟ್ ಕೊಡಬೇಕು. ಈಗ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಜೆ, ಓ, ವೈ, ಚುಕ್ಕಿ, ಸಿ, ಪಿ, ಎಲ್ ಅಂತ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. 'ಗೇಮ್ ಕಂಟ್ರೋಲರ್ಸ್' ಅನ್ನುವ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ನೋಡಲು ಓಬೀರಾಯನ ಕಾಲದ್ದು, ಆದರೆ ವಿಂಡೋಸ್ 11ರಲ್ಲೂ ಹಾಗೇ ಇದೆ. ಹಳೇ ಗೇಮುಗಳ ಕಣ್ಣಿಗೆ ನಿಮ್ಮ ಕಂಟ್ರೋಲರ್ ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೇ ಇಲ್ಲಿ ಕಾಣಿಸುತ್ತದೆ. ಬ್ರೌಸರಿನಲ್ಲಿ ಪರೀಕ್ಷೆ ಮಾಡುವ ತಾಣಗಳಿಗಿಂತ ನಮ್ಮ ಕೆಲಸಕ್ಕೆ ಇದೇ ವಾಸಿ.

ಪಟ್ಟಿಯಲ್ಲಿ ಹೆಸರೇ ಇಲ್ಲವೇ? ಮೊದಲ ಅನುಮಾನ ಕೇಬಲ್ ಮೇಲೆ. ಪವರ್ ಬ್ಯಾಂಕ್, ಇಯರ್‌ಫೋನ್ ಜೊತೆ ಬರುವ ಎಷ್ಟೋ ಕೇಬಲ್‌ಗಳು ಚಾರ್ಜ್‌ಗೆ ಮಾತ್ರ. ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕಂಟ್ರೋಲರಿನ ಲೈಟ್ ಹತ್ತುತ್ತದೆ, ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಸುದ್ದಿಯೇ ತಲುಪುವುದಿಲ್ಲ. ಅದೇ ಕೇಬಲ್ ಹಾಕಿ ಫೋನಿನಿಂದ ಒಂದು ಫೋಟೋ ಕಾಪಿ ಮಾಡಿ ನೋಡಿ. ಫೋಟೋ ಬರದಿದ್ದರೆ ಕೇಬಲ್ ಬದಲಿಸಿ. ಆಮೇಲೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟಿಗೆ ಹಾಕಿ.

ಹೆಸರು ಕಾಣುತ್ತಿದ್ದರೆ 'ಪ್ರಾಪರ್ಟೀಸ್' ಒತ್ತಿ 'ಟೆಸ್ಟ್' ಪುಟಕ್ಕೆ ಹೋಗಿ. ಒಂದು ಕಾಗದ ಇಟ್ಟುಕೊಂಡು ಪ್ರತಿ ಬಟನ್ ಒತ್ತಿದಾಗ ಯಾವ ನಂಬರ್ ಹತ್ತುತ್ತದೆ, ಪ್ರತಿ ಸ್ಟಿಕ್ ಆಡಿಸಿದಾಗ ಯಾವ ಪಟ್ಟಿ ಅಲುಗುತ್ತದೆ ಅಂತ ಬರೆದುಕೊಳ್ಳಿ. ಎಕ್ಸ್‌ಬಾಕ್ಸ್ ಮಾದರಿಯಲ್ಲಿ ಎ, ಬಿ, ಎಕ್ಸ್, ವೈ ಕ್ರಮವಾಗಿ 1, 2, 3, 4. ಪ್ಲೇಸ್ಟೇಷನ್ 4ರ ಕಂಟ್ರೋಲರಿನಲ್ಲಿ ಚೌಕ 1, ಕ್ರಾಸ್ 2, ವೃತ್ತ 3, ತ್ರಿಕೋನ 4. ಅಂದರೆ ಎರಡರಲ್ಲೂ ಅದೇ ಜಾಗದಲ್ಲಿರುವ ಕೆಳಗಿನ ಬಟನ್ ಒಂದರಲ್ಲಿ 1, ಇನ್ನೊಂದರಲ್ಲಿ 2. 'ಜಂಪ್ ಒತ್ತಿದರೆ ಗುಂಡು ಹಾರುತ್ತೆ' ಅನ್ನುವ ದೂರುಗಳ ಮೂಲ ಬಹುತೇಕ ಇಲ್ಲೇ ಇರುತ್ತದೆ. ಗೇಮಿನ ಮೆನುವಿನಲ್ಲಿ ಬಟನ್ ಬದಲಿಸಿಕೊಂಡರೆ ಮುಗಿಯಿತು.

ಕೈ ಬಿಟ್ಟರೂ ಸ್ಟಿಕ್ಕಿನ ಗುರುತು ನಡುವೆ ನಿಲ್ಲದಿದ್ದರೆ 'ಸೆಟ್ಟಿಂಗ್ಸ್' ಪುಟದಲ್ಲಿ 'ರೀಸೆಟ್ ಟು ಡಿಫಾಲ್ಟ್' ಒತ್ತಿ. ಎಂದೋ ಮಾಡಿದ ಕ್ಯಾಲಿಬ್ರೇಷನ್, ಅಂದರೆ ಸ್ಟಿಕ್ಕಿನ ನಡು ಎಲ್ಲಿ, ತುದಿ ಎಲ್ಲಿ ಅನ್ನುವ ಅಳತೆಯನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ. ಅದು ತಪ್ಪಾಗಿದ್ದರೆ ಹೊಸ ಗೇಮುಗಳಿಗೆ ಏನೂ ಆಗುವುದಿಲ್ಲ, ಹಳೆಯವು ಮಾತ್ರ ಒದ್ದಾಡುತ್ತವೆ.

ಯಾರು ಯಾವ ಮಾತು ಆಡುತ್ತಾರೆ

ಸ್ವಲ್ಪ ಹಿಂದಿನ ಕಥೆ ತಿಳಿದರೆ ಮುಂದಿನದೆಲ್ಲ ಸಲೀಸು. 1981ರ ಐಬಿಎಂ ಪಿಸಿಗೆ ಬಂದ ಗೇಮ್ ಪೋರ್ಟ್ ಕಾರ್ಡಿನಲ್ಲಿ 15 ಪಿನ್ನಿನ ಒಂದು ಸಾಕೆಟ್ ಇತ್ತು. ಅದರಲ್ಲಿ ಒಟ್ಟು ನಾಲ್ಕು ಅಕ್ಷ (ಎಡ-ಬಲದಂಥ ಒಂದೊಂದು ಚಲನೆಯ ಅಳತೆಗೆ ಒಂದೊಂದು ಅಕ್ಷ), ನಾಲ್ಕು ಬಟನ್. ಇಬ್ಬರು ಆಡುವುದಾದರೆ ತಲಾ ಎರಡೆರಡು. ಆಮೇಲೆ ಸೌಂಡ್ ಕಾರ್ಡಿನ ಹಿಂಬದಿಯಲ್ಲಿ ಇದೇ ಸಾಕೆಟ್ ವರ್ಷಗಟ್ಟಲೆ ಉಳಿಯಿತು. ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಅದರ ಬೆಂಬಲ ಕೈಬಿಟ್ಟಿತು. ಸಾಕೆಟ್ ಹೋದರೂ ಆ ಕಾಲದ ಗೇಮುಗಳ ನಂಬಿಕೆ ಹೋಗಲಿಲ್ಲ. ಜಾಯ್‌ಸ್ಟಿಕ್ ಅಂದರೆ ಒಂದು ಎಡ-ಬಲ, ಒಂದು ಮೇಲೆ-ಕೆಳಗೆ, ಎರಡೋ ನಾಲ್ಕೋ ಬಟನ್.

ವಿಂಡೋಸ್ ಬಂದ ಮೇಲೆ ಗೇಮುಗಳು ಮೊದಲು ವಿನ್‌ಎಂಎಂ ಅನ್ನುವ ಮಲ್ಟಿಮೀಡಿಯ ಭಾಗದ ಮೂಲಕ ಜಾಯ್‌ಸ್ಟಿಕ್ ಓದುತ್ತಿದ್ದವು. ಆಮೇಲೆ ಡೈರೆಕ್ಟ್‌ಎಕ್ಸ್ ಜೊತೆ ಡೈರೆಕ್ಟ್‌ಇನ್‌ಪುಟ್ ಬಂತು. ಅದರ 8ನೇ ಆವೃತ್ತಿ ಬಂದದ್ದು 2000ದಲ್ಲಿ. ಡೈರೆಕ್ಟ್‌ಇನ್‌ಪುಟ್‌ಗೆ ಕಂಟ್ರೋಲರಿನ ಆಕಾರದ ಗೊಡವೆ ಇಲ್ಲ. ಸ್ಟೀರಿಂಗ್ ಆಗಲಿ, ವಿಮಾನದ ಸ್ಟಿಕ್ ಆಗಲಿ, ಎಲ್ಲವೂ ಅದಕ್ಕೆ ಅಕ್ಷಗಳು ಮತ್ತು ನಂಬರಿನ ಬಟನ್‌ಗಳು. ಯಾವುದು ಏನು ಅಂತ ಆಡುವವರೇ ಹೇಳಿಕೊಡಬೇಕು.

2005ರಲ್ಲಿ ಎಕ್ಸ್‌ಬಾಕ್ಸ್ 360 ಬಂತು, ಅದರ ಜೊತೆ ಎಕ್ಸ್‌ಇನ್‌ಪುಟ್. ಇದು ನೇರ ಉಲ್ಟಾ. ಆಕಾರ ಮೊದಲೇ ಗೊತ್ತು: ಎರಡು ಸ್ಟಿಕ್, ತೋರುಬೆರಳಿನಿಂದ ಒತ್ತುವ ಎರಡು ಟ್ರಿಗರ್, ನಾಲ್ಕು ದಿಕ್ಕಿನ ಗುಂಡಿಯಾದ ಒಂದು ಡಿ-ಪ್ಯಾಡ್, ಗೊತ್ತಿರುವ ಬಟನ್‌ಗಳು, ಹೆಚ್ಚೆಂದರೆ ನಾಲ್ಕು ಕಂಟ್ರೋಲರ್. ಹೇಳಿಕೊಡುವ ರಗಳೆಯೇ ಇಲ್ಲ. ಹೊಸ ಗೇಮುಗಳಲ್ಲಿ ಕಂಟ್ರೋಲರ್ ಚುಚ್ಚಿದ ಕೂಡಲೇ ನಡೆಯುವುದು ಇದರಿಂದಲೇ.

ಹಾಗಾಗಿ ಗೇಮ್ ಬಂದ ವರ್ಷ ಒಳ್ಳೆಯ ಸುಳಿವು. 2006ಕ್ಕಿಂತ ಹಿಂದಿನದಾದರೆ ಡೈರೆಕ್ಟ್‌ಇನ್‌ಪುಟ್ ಅಥವಾ ವಿನ್‌ಎಂಎಂ ಅಂತಲೇ ಹಿಡಿಯಿರಿ. ಅದರ ನಂತರದ್ದಾದರೆ ಎಕ್ಸ್‌ಇನ್‌ಪುಟ್ ಇರುವ ಸಂಭವ ಜಾಸ್ತಿ. ಕಂಟ್ರೋಲರಿನ ಕಡೆಯಿಂದ ನೋಡಿದರೆ, ಎಕ್ಸ್‌ಬಾಕ್ಸ್ ಮಾದರಿಯವು ಎಕ್ಸ್‌ಇನ್‌ಪುಟ್ ಆಡುತ್ತವೆ. ವಿಂಡೋಸ್ ಅವನ್ನು ಡೈರೆಕ್ಟ್‌ಇನ್‌ಪುಟ್‌ಗೂ ತೋರಿಸುತ್ತದೆ, ಆದರೆ ಅರೆಬರೆ. ಪ್ಲೇಸ್ಟೇಷನ್ 4 ಮತ್ತು 5ರ ಕಂಟ್ರೋಲರುಗಳು ವಿಂಡೋಸಿನಲ್ಲಿ ಎಕ್ಸ್‌ಇನ್‌ಪುಟ್ ಆಡುವುದೇ ಇಲ್ಲ, ಡೈರೆಕ್ಟ್‌ಇನ್‌ಪುಟ್ ಮಾತ್ರ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಯುಎಸ್‌ಬಿ ಪ್ಯಾಡುಗಳಲ್ಲೂ ಹಲವು ಬರೀ ಡೈರೆಕ್ಟ್‌ಇನ್‌ಪುಟ್‌ನವೇ. ಸಾವಿರಾರು ರೂಪಾಯಿಯ ಕಂಟ್ರೋಲರ್ ತಿಣುಕಾಡುವ ಕಡೆ ಆ ಅಗ್ಗದ ಪ್ಯಾಡ್ ಸುಮ್ಮನೆ ಓಡುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡವರಲ್ಲಿ ನಾನೂ ಒಬ್ಬ.

ಗೇಮ್ ಕಂಟ್ರೋಲರನ್ನು ನೋಡುವುದೇ ಇಲ್ಲ

ಹಳೇ ಗೇಮುಗಳು ತೆರೆಯುವ ಹೊತ್ತಿನಲ್ಲಿ ಒಂದೇ ಸಲ ಹಾಜರಿ ಕರೆಯುತ್ತವೆ. ಆಮೇಲೆ ಬಂದವರಿಗೆ ಜಾಗವಿಲ್ಲ. ಕಂಟ್ರೋಲರ್ ಮೊದಲು ಚುಚ್ಚಿ, ಆಮೇಲೆ ಗೇಮ್ ತೆರೆಯಿರಿ. ವೈರ್‌ಲೆಸ್ ಆದರೆ ಇನ್ನೊಂದು ಕಾಟವಿದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ 15 ನಿಮಿಷ ಮುಟ್ಟದಿದ್ದರೆ ತಾನೇ ಮಲಗುತ್ತದೆ. ಊಟ ಮುಗಿಸಿ ಬಂದು ಎಬ್ಬಿಸಿದರೆ ವಿಂಡೋಸ್ ಗುರುತು ಹಿಡಿಯುತ್ತದೆ, ಗೇಮ್ ಹಿಡಿಯುವುದಿಲ್ಲ. ಗೇಮ್ ಮುಚ್ಚಿ ತೆರೆಯುವುದೇ ದಾರಿ. ಹಳೇ ಗೇಮಿಗೆ ಆದಷ್ಟೂ ವೈರ್ ಹಾಕಿಯೇ ಆಡಿ.

ಎರಡನೆಯದು, ಎಷ್ಟೋ ಗೇಮುಗಳು ಪಟ್ಟಿಯ ಮೊದಲ ಕಂಟ್ರೋಲರನ್ನು ಮಾತ್ರ ಕೇಳುತ್ತವೆ. 'ಗೇಮ್ ಕಂಟ್ರೋಲರ್ಸ್' ಕಿಟಕಿಯಲ್ಲಿ 'ಅಡ್ವಾನ್ಸ್ಡ್' ಅಂತ ಒಂದು ಬಟನ್ ಇದೆ, ಯಾರೂ ಒತ್ತುವುದಿಲ್ಲ. ಹಳೆಯ ಪ್ರೋಗ್ರಾಮುಗಳಿಗೆ ಯಾವ ಕಂಟ್ರೋಲರ್ ಕೊಡಬೇಕು ಅಂತ ಅದರೊಳಗೆ ಆರಿಸಬಹುದು. ನಿಮ್ಮದನ್ನು ಆರಿಸಿ ಓಕೆ ಕೊಡಿ.

ಮೂರನೆಯದು ಕೇಳಲು ತೀರಾ ಸಣ್ಣದು, ಆದರೂ ಕೇಳುತ್ತೇನೆ: ಗೇಮಿನ ಒಳಗೆ ಜಾಯ್‌ಸ್ಟಿಕ್ ಆನ್ ಮಾಡಿದ್ದೀರಾ? ಆ ಕಾಲದಲ್ಲಿ ಅದು ತಾನಾಗಿ ಆನ್ ಆಗುತ್ತಿರಲಿಲ್ಲ. ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಪ್ರಿನ್ಸ್ ಆಫ್ ಪರ್ಷಿಯ ಗೇಮಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ಜಾಯ್‌ಸ್ಟಿಕ್, ಕಂಟ್ರೋಲ್ ಮತ್ತು ಕೆ ಒತ್ತಿದರೆ ಮತ್ತೆ ಕೀಬೋರ್ಡ್.

ಸ್ಟಿಕ್ ನಡೆಯುತ್ತೆ, ಡಿ-ಪ್ಯಾಡ್ ನಡೆಯಲ್ಲ

ಡೈರೆಕ್ಟ್‌ಇನ್‌ಪುಟ್ ಲೆಕ್ಕದಲ್ಲಿ ಡಿ-ಪ್ಯಾಡ್ ಅಕ್ಷವೂ ಅಲ್ಲ, ಬಟನ್ನೂ ಅಲ್ಲ. ಪಿಓವಿ ಹ್ಯಾಟ್ ಅನ್ನುವ ಬೇರೆ ಜಾತಿ. ವಿಮಾನದ ಗೇಮುಗಳಲ್ಲಿ ಪೈಲಟ್ ಅತ್ತಿತ್ತ ಕತ್ತು ತಿರುಗಿಸಿ ನೋಡಲು ಸ್ಟಿಕ್ಕಿನ ತುದಿಯಲ್ಲಿ ಇರುತ್ತಿದ್ದ ಗುಂಡಿ ಅದು. ಎಡ-ಬಲದ ಎಕ್ಸ್ ಮತ್ತು ಮೇಲೆ-ಕೆಳಗಿನ ವೈ ಅಕ್ಷ ಮಾತ್ರ ಓದುವ ಹಳೇ ಗೇಮಿಗೆ ಹ್ಯಾಟ್ ಇದೆ ಅಂತಲೇ ಗೊತ್ತಿಲ್ಲ. ಡಿ-ಪ್ಯಾಡ್ ಕೆಟ್ಟಿದೆ ಅಂತ ಬಿಚ್ಚಲು ಹೋಗಬೇಡಿ. ಅಗ್ಗದ ಪ್ಯಾಡುಗಳಲ್ಲಿ 'ಅನಲಾಗ್' ಅಥವಾ 'ಮೋಡ್' ಅಂತ ಒಂದು ಬಟನ್, ಪಕ್ಕದಲ್ಲಿ ಕೆಂಪು ಲೈಟ್ ಇರುತ್ತದೆ. ಅದನ್ನು ಒತ್ತಿ ಟೆಸ್ಟ್ ಪುಟದಲ್ಲಿ ಮತ್ತೆ ನೋಡಿ, ಡಿ-ಪ್ಯಾಡ್ ಈಗ ಅಕ್ಷವನ್ನು ಅಲುಗಿಸುತ್ತಿರಬಹುದು. ಲಾಜಿಟೆಕ್ ಎಫ್310 ಕಂಟ್ರೋಲರಿನಲ್ಲೂ ಮೋಡ್ ಬಟನ್ ಒತ್ತಿದರೆ ಡಿ-ಪ್ಯಾಡ್ ಮತ್ತು ಎಡ ಸ್ಟಿಕ್ ಅದಲುಬದಲಾಗುತ್ತವೆ.

ಟ್ರಿಗರ್: ಗ್ಯಾಸ್, ಬ್ರೇಕ್ ಎರಡೂ ಸೇರಿದರೆ ಸೊನ್ನೆ

ನನಗೆ ಅತಿ ಹೆಚ್ಚು ತಲೆ ತಿಂದ ದೋಷ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಹಳೇ ರೇಸ್ ಗೇಮಿನಲ್ಲಿ ಬಲ ಟ್ರಿಗರ್‌ಗೆ ಗ್ಯಾಸ್, ಎಡ ಟ್ರಿಗರ್‌ಗೆ ಬ್ರೇಕ್ ಇಟ್ಟಿದ್ದೆ. ನೇರ ರಸ್ತೆಯಲ್ಲಿ ಎಲ್ಲ ಚೆನ್ನ. ತಿರುವಿನಲ್ಲಿ ಗ್ಯಾಸ್ ಬಿಡದೆ ಬ್ರೇಕ್ ಒತ್ತಿದರೆ ಬ್ರೇಕೂ ಇಲ್ಲ, ಗ್ಯಾಸೂ ಇಲ್ಲ. ಕಾರು ನ್ಯೂಟ್ರಲ್‌ಗೆ ಬಿದ್ದ ಹಾಗೆ ಸುಮ್ಮನೆ ತೇಲಿಕೊಂಡು ಬೇಲಿಗೆ ಹೋಗಿ ಗುದ್ದುತ್ತಿತ್ತು. ಎರಡು ಸಂಜೆ ಗೇಮಿನ ಸೆಟ್ಟಿಂಗುಗಳಲ್ಲೇ ಕಳೆದೆ. ಕೊನೆಗೆ ಟೆಸ್ಟ್ ಪುಟ ತೆರೆದು ಎಡ ಟ್ರಿಗರ್ ಮೆಲ್ಲಗೆ ಒತ್ತಿದೆ. ಜೆಡ್ ಅಕ್ಷದ ಪಟ್ಟಿ ನಡುವಿನಿಂದ ಒಂದು ಕಡೆಗೆ ಏರಿತು. ಬಿಟ್ಟೆ, ನಡುವಿಗೆ ಬಂತು. ಬಲ ಟ್ರಿಗರ್ ಒತ್ತಿದೆ. ಅದೇ ಪಟ್ಟಿ ಇನ್ನೊಂದು ಕಡೆಗೆ ಇಳಿಯಿತು. ಎರಡನ್ನೂ ಪೂರ್ತಿ ಒತ್ತಿದೆ. ಪಟ್ಟಿ ಮತ್ತೆ ನಟ್ಟನಡುವೆ, ಯಾರೂ ಏನೂ ಒತ್ತಿಲ್ಲವೇನೋ ಅನ್ನುವ ಹಾಗೆ.

ಎರಡು ಟ್ರಿಗರ್, ಅಕ್ಷ ಒಂದೇ. ಇದು ದೋಷವಲ್ಲ, ಮೈಕ್ರೋಸಾಫ್ಟ್ ಬೇಕೆಂದೇ ಹಾಗೆ ಮಾಡಿದ್ದು. ಅಕ್ಷ ಅಂದರೆ ಕೈ ಬಿಟ್ಟಾಗ ನಡುವಿನಲ್ಲಿ ನಿಲ್ಲುವ ವಸ್ತು ಅಂತ ಹಳೇ ಗೇಮುಗಳ ಲೆಕ್ಕ. ಟ್ರಿಗರ್ ಹಾಗಲ್ಲ, ಬಿಟ್ಟಾಗ ಅದು ಒಂದು ತುದಿಯಲ್ಲಿ ಇರುತ್ತದೆ. ಅದನ್ನು ಹಾಗೇ ತೋರಿಸಿದರೆ 'ಯಾರೋ ಸ್ಟಿಕ್ಕನ್ನು ಪೂರ್ತಿ ಒಂದು ಕಡೆ ಎಳೆದು ಹಿಡಿದಿದ್ದಾರೆ' ಅಂತ ಗೇಮ್ ತಿಳಿಯುತ್ತದೆ. ಅದಕ್ಕೇ ಎರಡನ್ನೂ ಒಂದೇ ಅಕ್ಷದ ಎರಡು ತುದಿಗೆ ಕಟ್ಟಿದರು. ಒಂದು ತೊಂದರೆ ತಪ್ಪಿತು, ಇನ್ನೊಂದು ಹುಟ್ಟಿತು. ಕಂಪನವೂ ಈ ದಾರಿಯಲ್ಲಿ ಬರುವುದಿಲ್ಲ. ವೈಬ್ರೇಷನ್ ಇಲ್ಲ ಅಂತ ಪ್ರತ್ಯೇಕ ದೂರು ಬೇಡ, ಎರಡೂ ಒಂದೇ ಕಾಯಿಲೆಯ ಲಕ್ಷಣ.

ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಈ ಜೋಡಣೆ ಇಲ್ಲ. ಅದರ ಟ್ರಿಗರುಗಳಾದ ಎಲ್2, ಆರ್2ಗೆ ಬೇರೆಬೇರೆ ಅಕ್ಷ, ಜೊತೆಗೆ 7 ಮತ್ತು 8ನೇ ಬಟನ್ನಾಗಿಯೂ ಕಾಣುತ್ತವೆ. ಆದರೆ ಮೇಲೆ ಹೇಳಿದ ಭಯ ಇಲ್ಲಿ ನಿಜವಾಗುತ್ತದೆ. ಗೇಮ್ 'ಸ್ಟೀರಿಂಗ್‌ಗೆ ಯಾವುದು? ಅಲುಗಿಸಿ' ಅಂತ ಕೇಳಿದ ಕ್ಷಣದಲ್ಲೇ, ನೀವು ಮುಟ್ಟುವ ಮೊದಲೇ, ತುದಿಯಲ್ಲಿ ನಿಂತಿರುವ ಟ್ರಿಗರ್ ಅಕ್ಷವನ್ನೇ ಅದು ಹಿಡಿದುಕೊಂಡುಬಿಡಬಹುದು. ಹಾಗಾದರೆ ಎರಡೂ ಟ್ರಿಗರುಗಳನ್ನು ಅರ್ಧದಷ್ಟು ಒತ್ತಿ ಹಿಡಿದು ಆ ಹೊತ್ತಿಗೆ ಸ್ಟಿಕ್ ಅಲುಗಿಸಿ. ನೋಡಿದವರು ನಗುತ್ತಾರೆ, ಆದರೆ ಕೆಲಸ ಆಗುತ್ತದೆ.

ಎಕ್ಸ್‌ಬಾಕ್ಸ್ ಕಂಟ್ರೋಲರ್ ಇದ್ದು ಏನನ್ನೂ ಇನ್‌ಸ್ಟಾಲ್ ಮಾಡುವ ಮನಸ್ಸಿಲ್ಲದಿದ್ದರೆ, ಗ್ಯಾಸ್ ಎ ಬಟನ್ನಿಗೆ, ಬ್ರೇಕ್ ಎಕ್ಸ್ ಬಟನ್ನಿಗೆ ಇಟ್ಟುಬಿಡಿ. ಆ ಕಾಲದವರು ಹಾಗೆಯೇ ಆಡಿದ್ದು.

ಬಲ ಸ್ಟಿಕ್ ಅಡ್ಡಾದಿಡ್ಡಿ

ಎಕ್ಸ್‌ಬಾಕ್ಸ್ ಮಾದರಿಯಲ್ಲಿ ಬಲ ಸ್ಟಿಕ್ 'ಎಕ್ಸ್ ರೊಟೇಷನ್' ಮತ್ತು 'ವೈ ರೊಟೇಷನ್' ಅಕ್ಷಗಳ ಮೇಲೆ ಕೂರುತ್ತದೆ. ಪ್ಲೇಸ್ಟೇಷನ್ ಮತ್ತು ಹಳೇ ಯುಎಸ್‌ಬಿ ಪ್ಯಾಡುಗಳಲ್ಲಿ ಅದು ಜೆಡ್ ಮತ್ತು 'ಜೆಡ್ ರೊಟೇಷನ್' ಮೇಲೆ. ಎರಡನೇ ಮಾದರಿಯನ್ನು ಮನಸ್ಸಿನಲ್ಲಿಟ್ಟು ಬರೆದ ಗೇಮಿಗೆ ಮೊದಲನೇ ಮಾದರಿ ಕೊಟ್ಟರೆ, ಟ್ರಿಗರ್ ಒತ್ತಿದಾಗ ಕ್ಯಾಮೆರಾ ತಿರುಗುತ್ತದೆ, ಬಲ ಸ್ಟಿಕ್ ಸತ್ತ ಹಾಗಿರುತ್ತದೆ. ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಥರದ ಗೇಮುಗಳಲ್ಲಿ ಬಲ ಸ್ಟಿಕ್ ಇಲ್ಲದೆ ಸುತ್ತಮುತ್ತ ನೋಡುವುದೇ ಕಷ್ಟ. ಇಎ ಕ್ರಿಕೆಟ್ 07ರಲ್ಲಂತೂ 'ಸೆಂಚುರಿ ಸ್ಟಿಕ್' ಅಂತ ಬ್ಯಾಟಿಂಗನ್ನೇ ಬಲ ಸ್ಟಿಕ್ಕಿಗೆ ಇಟ್ಟರು. ಅದು ಸತ್ತರೆ ಹೊಡೆತದ ಮಜಾ ಹೋಯಿತು.

ಇಲ್ಲಿ ಆ ಕಾಗದ ತೆಗೆಯಿರಿ. ಗೇಮಿನ ಮೆನುವಿನಲ್ಲಿ ಅಕ್ಷ ಬದಲಿಸಲು ಬಂದರೆ ಬದಲಿಸಿ. ಬರದಿದ್ದರೆ ದುಭಾಷಿ ಬೇಕೇ ಬೇಕು.

ಒಂದು ಸಲ ಒತ್ತಿದರೆ ಎರಡು ಸಲ

ಮೆನುವಿನಲ್ಲಿ ಒಂದು ಹೆಜ್ಜೆ ಕೆಳಗೆ ಹೋದರೆ ಎರಡು ಹೆಜ್ಜೆ ಹೋಗುತ್ತದೆ. ಇದು ದುಭಾಷಿಗಳ ಜಗಳ. ಪ್ಲೇಸ್ಟೇಷನ್ ಕಂಟ್ರೋಲರ್ ಇರುವವರು ಡಿಎಸ್4ವಿಂಡೋಸ್ ಹಾಕಿಕೊಂಡಿರುತ್ತಾರೆ. ಅದು ಒಂದು ನಕಲಿ ಎಕ್ಸ್‌ಬಾಕ್ಸ್ 360 ಕಂಟ್ರೋಲರನ್ನು ಸೃಷ್ಟಿಸುತ್ತದೆ, ಆದರೆ ಅಸಲಿಯೂ ಅಲ್ಲೇ ಕೂತಿರುತ್ತದೆ. ಗೇಮ್ ಇಬ್ಬರ ಮಾತನ್ನೂ ಕೇಳುತ್ತದೆ. 'ಗೇಮ್ ಕಂಟ್ರೋಲರ್ಸ್' ಪಟ್ಟಿಯಲ್ಲಿ ಒಂದರ ಬದಲು ಎರಡು ಹೆಸರು ಕಂಡರೆ ಇದೇ ಕಾರಣ. ಹಿಡ್‌ಹೈಡ್ ಅನ್ನುವ ಸಾಫ್ಟ್‌ವೇರ್ ಅಸಲಿಯನ್ನು ಗೇಮುಗಳ ಕಣ್ಣಿಂದ ಮರೆಮಾಡುತ್ತದೆ. ಆದರೆ ಹಳೇ ಗೇಮಿಗೆ ಡಿಎಸ್4ವಿಂಡೋಸ್ ಬೇಕೇ ಅಂತ ಮೊದಲು ಕೇಳಿಕೊಳ್ಳಿ. ಡೈರೆಕ್ಟ್‌ಇನ್‌ಪುಟ್ ಆಡುವ ಕಂಟ್ರೋಲರನ್ನು ಎಕ್ಸ್‌ಇನ್‌ಪುಟ್‌ಗೆ ತಿರುಗಿಸಿ, ಅದನ್ನು ವಿಂಡೋಸ್ ಮತ್ತೆ ಅರೆಬರೆ ಡೈರೆಕ್ಟ್‌ಇನ್‌ಪುಟ್ ಮಾಡಿ ಗೇಮಿಗೆ ಕೊಡುವುದು ಮೈಸೂರಿನಿಂದ ಮಂಡ್ಯಕ್ಕೆ ಮಂಗಳೂರಿನ ಮೇಲೆ ಹೋದ ಹಾಗೆ. ಅದನ್ನು ಮುಚ್ಚಿ ಒಮ್ಮೆ ಆಡಿ ನೋಡಿ.

ಸ್ಟೀಮ್ ಕೂಡ ಹೀಗೇ ತಲೆ ಹಾಕುತ್ತದೆ. ಡೆಸ್ಕ್‌ಟಾಪ್ ಲೇಔಟ್ ಅಂತ ಒಂದಿದೆ, ಗೇಮ್ ಸ್ಟೀಮಿನದ್ದಲ್ಲದಿದ್ದರೂ ಕಂಟ್ರೋಲರನ್ನು ಮೌಸ್, ಕೀಬೋರ್ಡ್ ಥರ ನಡೆಸುತ್ತದೆ. ಬಟನ್ ಒತ್ತಿದರೆ ಕಂಟ್ರೋಲರಿನ ಬಟನ್ನೂ ಹೋಯಿತು, ಎಂಟರ್ ಕೀಯೂ ಹೋಯಿತು. ಆರಂಭದಲ್ಲಿ ಸ್ಟೀಮ್ ಮುಚ್ಚಿ ಅಂದದ್ದು ಇದಕ್ಕೇ.

ಸೆಟ್ಟಿಂಗ್ ಉಳಿಯುವುದಿಲ್ಲ

ಇದು ಕಂಟ್ರೋಲರಿನ ತಪ್ಪೇ ಅಲ್ಲ. ಹಳೇ ಗೇಮುಗಳು ತಮ್ಮ ಫೋಲ್ಡರಿನಲ್ಲೇ ಸೆಟ್ಟಿಂಗ್ ಬರೆಯುತ್ತವೆ. ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ವಿಂಡೋಸ್ ಬಿಡುವುದಿಲ್ಲ, ಗುಟ್ಟಾಗಿ ವರ್ಚುವಲ್‌ಸ್ಟೋರ್ ಅನ್ನುವ ಬೇರೆ ಜಾಗಕ್ಕೆ ಕಳಿಸುತ್ತದೆ. ಒಂದು ದಿನ ಅಡ್ಮಿನ್ ಆಗಿ, ಇನ್ನೊಂದು ದಿನ ಹಾಗೇ ತೆರೆದರೆ ಎರಡು ಬೇರೆಬೇರೆ ಸೆಟ್ಟಿಂಗ್ ಕಾಣುತ್ತದೆ. ಗೇಮನ್ನು ಸಿ ಡ್ರೈವಿನ ಮೇಲ್ಮಟ್ಟದಲ್ಲೇ ಒಂದು ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿ.

ದುಭಾಷಿ ಆರಿಸುವುದು

ಮೊದಲು ಕಂಟ್ರೋಲರಿನಲ್ಲೇ ಸ್ವಿಚ್ ಇದೆಯಾ ನೋಡಿ. ಎಫ್310ರ ಬೆನ್ನಿನಲ್ಲಿ ಎಕ್ಸ್ ಮತ್ತು ಡಿ ಅಂತ ಸ್ವಿಚ್ ಇದೆ. ಡಿ ಕಡೆಗೆ ತಳ್ಳಿದರೆ ಟ್ರಿಗರುಗಳು ಬಟನ್ನಾಗುತ್ತವೆ, ಬಲ ಸ್ಟಿಕ್ ಜೆಡ್ ಮೇಲೆ ಕೂರುತ್ತದೆ, ಮೇಲಿನ ಅರ್ಧ ತೊಂದರೆಗಳು ಅಲ್ಲಿಗೇ ಮುಗಿದವು. 8ಬಿಟ್‌ಡೂ ಕಂಟ್ರೋಲರುಗಳಲ್ಲೂ ಹೀಗೆ ಬೇರೆಬೇರೆ ಮೋಡ್‌ಗಳಿವೆ. ಹಳೇ ಗೇಮಿಗೆಂದೇ ಕಂಟ್ರೋಲರ್ ಕೊಳ್ಳುವುದಾದರೆ ಈ ಸ್ವಿಚ್ ಇರುವುದನ್ನೇ ಕೊಳ್ಳಿ, ನನ್ನ ಮಟ್ಟಿಗೆ ಎರಡನೇ ಮಾತಿಲ್ಲ.

ಸ್ವಿಚ್ ಇಲ್ಲದ ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ನನ್ನ ಆಯ್ಕೆ ಜಿಡಿ, ಅಂದರೆ ಎಕ್ಸ್, ಐ, ಡಿ, ಐ ಅಂತ ಬರೆಯುವ ಉಚಿತ ಸಾಫ್ಟ್‌ವೇರ್. ಎಕ್ಸ್‌ಇನ್‌ಪುಟ್ ಮಾತನ್ನು ಡೈರೆಕ್ಟ್‌ಇನ್‌ಪುಟ್‌ಗೂ ವಿನ್‌ಎಂಎಂಗೂ ತಿರುಗಿಸಿ ಹೇಳುವುದೇ ಅದರ ಕಸುಬು. ಸೆಟಪ್ ಏನಿಲ್ಲ, ಡಿಎಲ್‌ಎಲ್ ಫೈಲನ್ನು (ಗೇಮ್ ತೆರೆಯುವಾಗ ಜೊತೆಗೆ ಓದಿಕೊಳ್ಳುವ ಸಹಾಯಕ ಫೈಲು) ಗೇಮಿನ ಮುಖ್ಯ ಫೈಲ್ ಇರುವ ಫೋಲ್ಡರಿಗೇ ಹಾಕುವುದು. ಮೂರು ಡಿಎಲ್‌ಎಲ್‌ಗಳಿವೆ: ಡಿಇನ್‌ಪುಟ್, ಡಿಇನ್‌ಪುಟ್8, ವಿನ್‌ಎಂಎಂ. ಗೇಮ್ ಯಾವ ಮಾತು ಆಡುತ್ತದೋ ಅದೊಂದೇ ಸಾಕು. 2000ಕ್ಕಿಂತ ಹಿಂದಿನ ಗೇಮಿಗೆ ಮೊದಲನೆಯದು, ಆಮೇಲಿನದ್ದಕ್ಕೆ ಎರಡನೆಯದು, ಎರಡಕ್ಕೂ ಜಗ್ಗದಿದ್ದರೆ ಮೂರನೆಯದು ಹಾಕಿ ನೋಡಿ. ಹೊಸದನ್ನು ಹಾಕುವ ಮೊದಲು ಹಳೆಯದನ್ನು ತೆಗೆಯಿರಿ. ಜನ ಎಡವುವುದು 32 ಬಿಟ್, 64 ಬಿಟ್ ವಿಷಯದಲ್ಲಿ. ನಿಮ್ಮ ವಿಂಡೋಸ್ 64 ಬಿಟ್ ಇರಬಹುದು, ಆದರೆ ಇಲ್ಲಿ ಲೆಕ್ಕ ಗೇಮಿನದ್ದು. ಆ ಕಾಲದ ವಿಂಡೋಸ್ ಗೇಮುಗಳು 32 ಬಿಟ್, ಡಿಎಲ್‌ಎಲ್ಲೂ 32 ಬಿಟ್ಟಿನದೇ ಬೇಕು. ತಪ್ಪಿದರೆ ಗೇಮ್ ತೆರೆಯುವುದೇ ಇಲ್ಲ.

ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರಕ್ಕೆ ಮಾತ್ರ ಜಿಇನ್‌ಪುಟ್ ಅನ್ನುವ ಪ್ರತ್ಯೇಕ ಮಾಡ್, ಅಂದರೆ ಗೇಮನ್ನು ಮಾರ್ಪಡಿಸುವ ಸಾಫ್ಟ್‌ವೇರ್ ಇದೆ. ಅದು ಗೇಮಿಗೇ ಎಕ್ಸ್‌ಇನ್‌ಪುಟ್ ಕಲಿಸುತ್ತದೆ. ಅವುಗಳಿಗೆ ಅದೇ ಸರಿ.

ಎಕ್ಸ್360ಸಿಇ ಅನ್ನುವ ಹೆಸರನ್ನು ಎಲ್ಲರೂ ಕೇಳಿರುತ್ತಾರೆ, ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಅದು ಹೋಗುವುದು ಎದುರು ದಿಕ್ಕಿಗೆ. ಡೈರೆಕ್ಟ್‌ಇನ್‌ಪುಟ್ ಪ್ಯಾಡನ್ನು ಎಕ್ಸ್‌ಬಾಕ್ಸ್ ಪ್ಯಾಡ್ ಅಂತ ತೋರಿಸುವುದು ಅದರ ಕೆಲಸ. 2010ರ ಗೇಮನ್ನು ಎಸ್‌ಪಿ ರೋಡಿನ ಪ್ಯಾಡಿನಲ್ಲಿ ಆಡಲು ಸರಿ, 1999ರ ಗೇಮಿಗೆ ಅದರಿಂದ ಉಪಯೋಗವಿಲ್ಲ.

ಯಾವುದೂ ಆಗದಿದ್ದರೆ ಕೀಬೋರ್ಡ್ ವೇಷ. ಜಾಯ್‌ಟುಕೀ ಅಥವಾ ಆಂಟಿಮೈಕ್ರೋಎಕ್ಸ್ ಹಾಕಿದರೆ ಕಂಟ್ರೋಲರಿನ ಪ್ರತಿ ಒತ್ತೂ ಒಂದು ಕೀ ಆಗಿ ಗೇಮಿಗೆ ಹೋಗುತ್ತದೆ. ಜಾಯ್‌ಸ್ಟಿಕ್ ಅಂದರೇನೆಂದೇ ತಿಳಿಯದ ಗೇಮಿಗೂ ನಡೆಯುತ್ತದೆ. ಸ್ಟೀರಿಂಗಿನ ಸೂಕ್ಷ್ಮ ಮಾತ್ರ ಹೋಗುತ್ತದೆ, ತಿರುಗಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಗೇಮನ್ನು ಅಡ್ಮಿನ್ ಆಗಿ ತೆರೆದಿದ್ದರೆ ಜಾಯ್‌ಟುಕೀಯನ್ನೂ ಅಡ್ಮಿನ್ ಆಗಿಯೇ ತೆರೆಯಬೇಕು. ಇಲ್ಲದಿದ್ದರೆ ನೋಟ್‌ಪ್ಯಾಡಿನಲ್ಲಿ ಅಕ್ಷರ ಬೀಳುತ್ತದೆ, ಗೇಮಿನಲ್ಲಿ ಏನೂ ಆಗುವುದಿಲ್ಲ, ನೀವು ತಲೆ ಕೆರೆದುಕೊಳ್ಳುತ್ತೀರಿ.

ಡಾಸ್ ಗೇಮುಗಳ ಕಥೆಯೇ ಬೇರೆ

ಡಾಸ್ ಗೇಮುಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್ ಡಾಸ್‌ಬಾಕ್ಸ್. ಅದರ ಒಳಗೆ ಓಡುವ ಗೇಮಿಗೆ ಮೇಲಿನ ಡಿಎಲ್‌ಎಲ್‌ಗಳು ಬೇಡ. ಡಾಸ್‌ಬಾಕ್ಸೇ ದುಭಾಷಿ, ನಿಮ್ಮ ಕಂಟ್ರೋಲರನ್ನು ಹಳೇ ಗೇಮ್ ಪೋರ್ಟ್ ಥರ ತೋರಿಸುತ್ತದೆ. ಅದರ ಸೆಟ್ಟಿಂಗ್ ಫೈಲಿನ ಜಾಯ್‌ಸ್ಟಿಕ್ ಭಾಗದಲ್ಲಿ ಜಾಯ್‌ಸ್ಟಿಕ್‌ಟೈಪ್ ಅನ್ನುವ ಸಾಲಿದೆ. ಮೊದಲಿಗೆ ಅಲ್ಲಿ 'ಆಟೊ' ಇರುತ್ತದೆ. ಸಾದಾ ಗೇಮಿಗೆ '2ಆಕ್ಸಿಸ್' ಹಾಕಿ, ನಾಲ್ಕು ಬಟನ್ ಬೇಕಾದರೆ '4ಆಕ್ಸಿಸ್'.

ಇಲ್ಲಿನ ಮುಖ್ಯ ಕಾಟ, ಸ್ಟಿಕ್ ಬಿಟ್ಟರೂ ಆಟಗಾರ ಒಂದು ಕಡೆಗೇ ನಡೆಯುತ್ತಾ ಹೋಗುವುದು. ಕಾರಣ ಮಜವಾಗಿದೆ. ಹಳೇ ಜಾಯ್‌ಸ್ಟಿಕ್ ಒಳಗೆ ಇದ್ದದ್ದು ರೇಡಿಯೋದ ವಾಲ್ಯೂಮ್ ತಿರುಪಿನಂಥ ರೆಸಿಸ್ಟರ್. ಕಾರ್ಡಿನಲ್ಲಿದ್ದ ಕೆಪ್ಯಾಸಿಟರ್ ಆ ರೆಸಿಸ್ಟರಿನ ಮೂಲಕ ತುಂಬಲು ಎಷ್ಟು ಹೊತ್ತಾಯಿತು ಅನ್ನುವುದೇ ಸ್ಟಿಕ್ ಎಲ್ಲಿದೆ ಅನ್ನುವುದರ ಅಳತೆ. ಗೇಮ್ ಆ ಹೊತ್ತನ್ನು ಒಂದು, ಎರಡು, ಮೂರು ಅಂತ ಎಣಿಸುತ್ತಿತ್ತು. ಕಂಪ್ಯೂಟರ್ ವೇಗವಾಗಿದ್ದರೆ ಅದೇ ಹೊತ್ತಿಗೆ ಎಣಿಕೆ ಹೆಚ್ಚು. ಹಾಗಾಗಿ ಡಾಸ್‌ಬಾಕ್ಸಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಮೇಲೆ ಕಂಟ್ರೋಲ್ ಮತ್ತು ಎಫ್12 ಒತ್ತಿ ವೇಗ ಏರಿಸಿದರೆ, ನಡುವಿನ ಬಿಂದು ಎಲ್ಲೋ ಹೋಗಿರುತ್ತದೆ. ವೇಗ ಮೊದಲು ಒಂದು ಕಡೆ ನಿಲ್ಲಿಸಿ, ಆಮೇಲೆ ಗೇಮಿನೊಳಗೆ ಕ್ಯಾಲಿಬ್ರೇಟ್ ಮಾಡಿ. ಆಗಲೂ ಜಾರಿದರೆ ಅದೇ ಭಾಗದ 'ಟೈಮ್ಡ್' ಸಾಲನ್ನು 'ಫಾಲ್ಸ್' ಮಾಡಿ. ಆಗ ಡಾಸ್‌ಬಾಕ್ಸ್ ಹೊತ್ತಿನ ಲೆಕ್ಕ ಬಿಟ್ಟು, ಗೇಮ್ ಎಷ್ಟು ಸಲ ಕೇಳಿತು ಅನ್ನುವ ಲೆಕ್ಕ ಹಿಡಿಯುತ್ತದೆ. ಬೇಸರವಾದರೆ ಕಂಟ್ರೋಲ್ ಮತ್ತು ಎಫ್1 ಒತ್ತಿ, ಕೀ ಜೋಡಿಸುವ ಪುಟವಾದ ಮ್ಯಾಪರ್ ತೆರೆದು, ಬಾಣದ ಕೀಗಳನ್ನೇ ಸ್ಟಿಕ್ಕಿಗೆ ಕಟ್ಟಿಬಿಡಿ.

ಎಲ್ಲ ಮಾಡಿದರೂ ಕ್ಯಾಮೆರಾ ತಿರುಗುತ್ತಲೇ ಇದ್ದರೆ

ಒಬ್ಬ ಗೆಳೆಯನ ಮನೆಯಲ್ಲಿ ಹೀಗಾಗಿತ್ತು. ಗೇಮ್ ತೆರೆದ ಕೂಡಲೇ ನಾಯಕ ಆಕಾಶ ನೋಡುತ್ತಾ ಗಿರಗಿರ ತಿರುಗುತ್ತಿದ್ದ. ಕಂಟ್ರೋಲರ್ ಬದಲಿಸಿದೆವು, ರೀಸೆಟ್ ಮಾಡಿದೆವು, ಎಲ್ಲ ಸಾಫ್ಟ್‌ವೇರ್ ತೆಗೆದೆವು. ಕಂಟ್ರೋಲರನ್ನೇ ಕಿತ್ತೆವು, ಆದರೂ ತಿರುಗುತ್ತಿದ್ದ! ಆಗ 'ಗೇಮ್ ಕಂಟ್ರೋಲರ್ಸ್' ಪಟ್ಟಿ ತೆರೆದರೆ, ಏನೂ ಚುಚ್ಚಿಲ್ಲದಿದ್ದರೂ ಅಲ್ಲೊಂದು ಹೆಸರು. ಕ್ಯಾಬಿನೆಟ್ಟಿನ ಹಿಂದೆ, ಗೋಡೆಯ ಕಡೆ, ಧೂಳು ಹಿಡಿದು ಕೂತಿದ್ದ ಒಂದು ಅಡಾಪ್ಟರ್, ಪ್ಲೇಸ್ಟೇಷನ್ 2ರ ಪ್ಯಾಡನ್ನು ಯುಎಸ್‌ಬಿಗೆ ಹಾಕುವಂಥದ್ದು. ಪ್ಯಾಡ್ ಕಳೆದು ವರ್ಷಗಳಾಗಿದ್ದವು, ಅಡಾಪ್ಟರ್ ಮಾತ್ರ ಅಲ್ಲೇ ಉಳಿದು, ಪ್ಯಾಡ್ ಇಲ್ಲದೆಯೂ ಅಕ್ಷವನ್ನು ಒಂದು ತುದಿಯಲ್ಲಿ ತೋರಿಸುತ್ತಿತ್ತು. ಹಳೇ ಗೇಮ್ ನಿಷ್ಠೆಯಿಂದ ಅದರ ಮಾತು ಕೇಳುತ್ತಿತ್ತು.

ಸ್ಟೀರಿಂಗ್ ವೀಲ್, ಫೋನನ್ನು ಕಂಟ್ರೋಲರ್ ಮಾಡಲು ಎಂದೋ ಹಾಕಿದ ವರ್ಚುವಲ್ ಜಾಯ್‌ಸ್ಟಿಕ್ ಡ್ರೈವರ್, ಕೆಲವು ಗೇಮಿಂಗ್ ಕೀಬೋರ್ಡುಗಳು ಕೂಡ ಈ ಪಟ್ಟಿಯಲ್ಲಿ ಬಂದು ಕೂರುತ್ತವೆ. ಒಂದೊಂದಾಗಿ ಕಿತ್ತು, ಪ್ರತಿ ಸಲ ಗೇಮ್ ಮುಚ್ಚಿ ತೆರೆದು ನೋಡಿ. ನಾವು ಆ ಅಡಾಪ್ಟರ್ ಕಿತ್ತು ಗೇಮ್ ತೆರೆದಾಗ ನಾಯಕ ಕತ್ತು ತಗ್ಗಿಸಿ, ಬೀದಿಯ ನಡುವೆ ಸುಮ್ಮನೆ ನಿಂತಿದ್ದ.